ಹಳೆಯ ಹಾಟ್ ಟಬ್ ಅತಿಯಾಗಿ ಕಾದು ನಿಂತುಹೋಗುತ್ತಿದ್ದರೆ: ಕೊಡಗಿನ ಹೋಂಸ್ಟೇ ನಡೆಸುವವರಿಗೊಂದು ಸಮಗ್ರ ಮಾರ್ಗದರ್ಶಿ

ಡಿಸೆಂಬರ್ ತಿಂಗಳ ಶನಿವಾರ ಸಂಜೆ, ಅತಿಥಿಗಳು ಟವೆಲ್ ಹಿಡಿದು ಬರುವ ಹೊತ್ತಿಗೆ ಸರಿಯಾಗಿ ಹಾಟ್ ಟಬ್‌ನ ಪರದೆಯ ಮೇಲೆ ಎರಡು ಮೂರು ಇಂಗ್ಲಿಷ್ ಅಕ್ಷರಗಳು ಮಿನುಗತೊಡಗಿ, ಪಂಪು ನಿಂತು, ನೀರು ಸದ್ದಡಗುವುದನ್ನು ಮಡಿಕೇರಿಯ ಸುತ್ತಮುತ್ತ ಹೋಂಸ್ಟೇ ನಡೆಸುವ ಹಲವರು ಕಂಡಿರಬಹುದು. ಮೇನ್ ಸ್ವಿಚ್ ಆಫ್ ಮಾಡಿ ಆನ್ ಮಾಡಿದರೆ ಅರ್ಧ ಗಂಟೆ ನಡೆಯುತ್ತದೆ, ಮತ್ತೆ ನಿಲ್ಲುತ್ತದೆ. ಆಗ ಎಲ್ಲರ ಬಾಯಿಂದ ಬರುವ ಮೊದಲ ಮಾತು "ಹೀಟರ್ ಹೋಗಿದೆ" ಎಂಬುದು. ನಾನೂ ಅದನ್ನೇ ನಂಬಿ, ಹಣ ಕೊಟ್ಟು ಹೊಸ ಹೀಟರ್ ತರಿಸಿ ಹಾಕಿಸಿದೆ. ಮೂರನೆಯ ದಿನ ಟಬ್ ಮತ್ತೆ ನಿಂತಿತು. ಕೆಟ್ಟ ಹೀಟರ್ ನೀರನ್ನು ಕಾಯಿಸುವುದೇ ಇಲ್ಲ, ಅತಿಯಾಗಿ ಕಾಯಿಸುತ್ತಿದೆ ಎಂದರೆ ಅದು ತನ್ನ ಕೆಲಸ ಮಾಡುತ್ತಿದೆ ಎಂದೇ ಅರ್ಥ ಎಂಬ ಸರಳ ಸಂಗತಿ ಆಗ ನನಗೆ ಹೊಳೆದಿರಲಿಲ್ಲ. ಬಿಡಿಭಾಗ ಬೆಂಗಳೂರಿನಿಂದ ಬರಬೇಕು, ತಿಳಿದ ಮೆಕ್ಯಾನಿಕ್ ಮೈಸೂರಿನಿಂದ 120 ಕಿಲೋಮೀಟರ್ ಏರಿ ಬರಬೇಕು ಎನ್ನುವ ನಮ್ಮ ಪರಿಸ್ಥಿತಿಯಲ್ಲಿ, ಕಾಸು ಖರ್ಚಾಗದ ಪರೀಕ್ಷೆಗಳನ್ನು ಮೊದಲು ಮಾಡಿ ಮುಗಿಸಿ, ದುಬಾರಿ ಭಾಗಗಳ ಮೇಲಿನ ಅನುಮಾನವನ್ನು ಕೊನೆಗೆ ಇಟ್ಟುಕೊಳ್ಳುವುದೇ ಸರಿಯಾದ ಕ್ರಮ.

ಟಬ್ ತಾನಾಗಿ ಏಕೆ ನಿಲ್ಲುತ್ತದೆ

ನಮ್ಮ ಬಚ್ಚಲುಮನೆಯ ಹಂಡೆಯಲ್ಲಿ ಬೆಂಕಿ ಅಡಿಯಲ್ಲಿರುತ್ತದೆ; ಬಿಸಿಯಾದ ನೀರು ತಾನಾಗಿ ಮೇಲೇರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ, ಯಾರೂ ಕಲಕಬೇಕಿಲ್ಲ. ಹಾಟ್ ಟಬ್‌ನ ವ್ಯವಸ್ಥೆ ಬೇರೆ. ಟಬ್‌ನಲ್ಲಿ 1,200 ಲೀಟರ್ ನೀರಿದ್ದರೂ ಅದನ್ನು ಕಾಯಿಸುವ ಸುರುಳಿ ಇರುವುದು ಪಕ್ಕದ ಪೆಟ್ಟಿಗೆಯೊಳಗಿನ ಒಂದೂವರೆ ಗೇಣುದ್ದದ ಕೊಳವೆಯಲ್ಲಿ, ಮತ್ತು ಆ ಕೊಳವೆಯಲ್ಲಿ ಒಂದು ಸಲಕ್ಕೆ ಹಿಡಿಸುವ ನೀರು ಒಂದು ಲೀಟರಿಗೂ ಕಡಿಮೆ. ಪಂಪು ಟಬ್‌ನ ನೀರನ್ನು ಎಡೆಬಿಡದೆ ಈ ಕೊಳವೆಯ ಮೂಲಕ ಹಾಯಿಸುತ್ತಿದ್ದರೆ 3 ಕಿಲೋವ್ಯಾಟ್ ಹೀಟರ್ ಇಡೀ ಟಬ್ ಅನ್ನು ಒಂದು ಡಿಗ್ರಿ ಏರಿಸಲು ಸುಮಾರು 28 ನಿಮಿಷ ತೆಗೆದುಕೊಳ್ಳುತ್ತದೆ. ಅದೇ ನೀರು ಕೊಳವೆಯೊಳಗೆ ನಿಂತುಬಿಟ್ಟರೆ, ಅಲ್ಲಿನ ಉಷ್ಣತೆ ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಡಿಗ್ರಿಯಂತೆ ಏರುತ್ತದೆ. ಅಂದರೆ 38 ಡಿಗ್ರಿಯ ನೀರು 48 ಮುಟ್ಟಲು ಹತ್ತು ಹನ್ನೆರಡು ಸೆಕೆಂಡು ಸಾಕು.

ಈ ಕಾರಣದಿಂದಲೇ ಕಂಟ್ರೋಲ್ ಬೋರ್ಡ್‌ಗೆ ಎರಡು ಕಾವಲುಗಳಿರುತ್ತವೆ. ಬಹುತೇಕ ಮಾದರಿಗಳಲ್ಲಿ ನಾವು ಹೊಂದಿಸಬಹುದಾದ ಗರಿಷ್ಠ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್; ನೀರು 43 ಡಿಗ್ರಿಯ ಆಸುಪಾಸಿಗೆ ಬಂದರೆ ಟಬ್ ಎಚ್ಚರಿಕೆ ಕೊಟ್ಟು ನಿಲ್ಲುತ್ತದೆ, ಹೀಟರ್ ಕೊಳವೆಯ ಉಷ್ಣತೆ 48ರ ಹತ್ತಿರ ಹೋದರೆ 'ಹೈ ಲಿಮಿಟ್' ಎಂಬ ಕಾವಲು ಹೀಟರಿನ ಕರೆಂಟನ್ನೇ ಕತ್ತರಿಸುತ್ತದೆ. ಈ ಕಾವಲನ್ನು ತಂತಿಯಿಂದ ಜೋಡಿಸಿ ದಾಟಿಸಿಬಿಡುವ 'ತಾತ್ಕಾಲಿಕ' ಉಪಾಯವನ್ನು ಕೆಲವರು ಸಲಹೆ ಮಾಡುತ್ತಾರೆ. ಅಂಥ ಸಲಹೆ ಕೊಟ್ಟವರಿಗೆ ಒಂದು ಲೋಟ ಕಾಫಿ ಕೊಟ್ಟು ಕಳುಹಿಸಿಬಿಡಿ, ಟಬ್ ಮುಟ್ಟಲು ಬಿಡಬೇಡಿ. 40 ಡಿಗ್ರಿ ದಾಟಿದ ನೀರಿನಲ್ಲಿ ಕೂತ ಮನುಷ್ಯನಿಗೆ ತಲೆ ತಿರುಗಿ ಎಚ್ಚರ ತಪ್ಪಬಹುದು, ಗರ್ಭಿಣಿಯರಿಗೆ ಮತ್ತು ಮಕ್ಕಳಿಗೆ ಅಪಾಯ ಇನ್ನೂ ಹೆಚ್ಚು.

ಪೆಟ್ಟಿಗೆ ತೆರೆಯುವ ಮೊದಲು

ಟಬ್‌ಗೆ ಕರೆಂಟು ಕೊಡುವ ಎಂಸಿಬಿ ಸ್ವಿಚ್ಚನ್ನು ಇಳಿಸಿ, ಅದರ ಮೇಲೆ "ಆನ್ ಮಾಡಬೇಡಿ" ಎಂದು ಬರೆದ ಚೀಟಿ ಅಂಟಿಸಿ. ತೋಟದ ಮನೆಗಳಲ್ಲಿ ಕರೆಂಟು ಹೋಗಿ ಬಂದಾಗ ಯಾರಾದರೂ ಒಳಗಿನಿಂದ ಸ್ವಿಚ್ ಮೇಲೆತ್ತಿಬಿಡುವ ಅಭ್ಯಾಸವಿರುತ್ತದೆ. ಟಬ್‌ಗೆಂದೇ ಪ್ರತ್ಯೇಕವಾಗಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನಾಗಿ ಕತ್ತರಿಸುವ ಸ್ವಿಚ್, ಇರಬೇಕು; ಅದಕ್ಕೆ ಕರೆಂಟು ಬರುತ್ತಿರುವಾಗ ಅದರ ಮೇಲಿನ ಪರೀಕ್ಷಾ ಗುಂಡಿ ಒತ್ತಿದರೆ ಅದು ಬೀಳಬೇಕು. ಬೀಳದಿದ್ದರೆ ಮುಂದಿನ ಯಾವ ಹಂತಕ್ಕೂ ಹೋಗದೆ ಎಲೆಕ್ಟ್ರಿಶಿಯನ್‌ನನ್ನು ಕರೆಸಿ. ಪಕ್ಕದ ಹಲಗೆ ಬಿಚ್ಚಿದ ಕೂಡಲೇ ಕೈ ಹಾಕದೆ ಟಾರ್ಚ್ ಬಿಟ್ಟು ನೋಡುವುದು ಒಳ್ಳೆಯದು, ಏಕೆಂದರೆ ಬೆಚ್ಚಗಿನ ಕತ್ತಲೆ ಜಾಗ ಮಳೆಗಾಲದಲ್ಲಿ ಇಲಿಗೂ ಇಷ್ಟ, ಇಲಿಯನ್ನು ಹುಡುಕಿ ಬರುವ ಹಾವಿಗೂ ಇಷ್ಟ.

ಮೊದಲ ಹಂತ: ಬೇರೆ ಥರ್ಮಾಮೀಟರ್‌ನಿಂದ ಅಳೆಯುವುದು

ಪರದೆಯ ಮೇಲಿನ ಸಂಕೇತವನ್ನು ಬರೆದಿಟ್ಟುಕೊಳ್ಳಿ. 'ಓಎಚ್' ಎಂದು ಆರಂಭವಾಗುವವು ಸಾಮಾನ್ಯವಾಗಿ ಅತಿ ಬಿಸಿಯನ್ನು, 'ಎಫ್‌ಎಲ್' ಎಂಬವು ನೀರಿನ ಹರಿವಿನ ಕೊರತೆಯನ್ನು, 'ಎಸ್‌ಎನ್' ಎಂಬವು ಸೆನ್ಸರಿನ ದೋಷವನ್ನು ಸೂಚಿಸುತ್ತವೆ. ಆದರೆ ತಯಾರಕರಿಂದ ತಯಾರಕರಿಗೆ ಇವು ಬದಲಾಗುವುದರಿಂದ ಟಬ್‌ನ ಜೊತೆ ಬಂದ ಪುಸ್ತಿಕೆಯೇ ಅಂತಿಮ ಪ್ರಮಾಣ. ಸಂಕೇತಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಒಂದು ಸಾಧಾರಣ ಥರ್ಮಾಮೀಟರ್. ಟಬ್ ನಿಂತ ಕೂಡಲೇ ಅದನ್ನು ನೀರಿನಲ್ಲಿ ಮೊಣಕೈ ಆಳಕ್ಕೆ ಇಳಿಸಿ ಎರಡು ನಿಮಿಷ ಬಿಟ್ಟು ಓದಿದರೆ ಸಮಸ್ಯೆ ಮೂರು ದಾರಿಗಳಲ್ಲಿ ಒಂದಕ್ಕೆ ಸೇರುತ್ತದೆ. ಟಬ್‌ನ ನೀರು ಹದವಾಗಿಯೇ ಇದ್ದು, ಹೀಟರ್ ಆನ್ ಆದ ಒಂದೆರಡು ನಿಮಿಷದಲ್ಲೇ ಯಂತ್ರ ನಿಲ್ಲುತ್ತಿದ್ದರೆ ಕೊಳವೆಯಲ್ಲಿ ನೀರು ಹರಿಯುತ್ತಿಲ್ಲ. ನೀರು ಒಂದು ಉಷ್ಣತೆಯಲ್ಲಿದ್ದು ಪರದೆ ನಾಲ್ಕೈದು ಡಿಗ್ರಿ ಬೇರೆಯದನ್ನೇ ತೋರಿಸುತ್ತಿದ್ದರೆ ಸೆನ್ಸರನ್ನು ಅನುಮಾನಿಸಬೇಕು. ನೀರೇ ನಿಜವಾಗಿ 42, 43 ಆಗಿದ್ದರೆ ಒಂದೋ ಹೀಟರನ್ನು ಆನ್ ಆಫ್ ಮಾಡುವ ರಿಲೇ ಎಂಬ ಸ್ವಿಚ್ ಅಂಟಿಕೊಂಡಿದೆ, ಇಲ್ಲವೇ ಪೆಟ್ಟಿಗೆಯೊಳಗಿನ ಬಿಸಿ ಹೊರಹೋಗಲು ದಾರಿಯಿಲ್ಲ. ಹಳೆಯ ಟಬ್‌ಗಳ ವಿಷಯದಲ್ಲಿ ಮೊದಲ ದಾರಿಯೇ ಹೆಚ್ಚು ಸವೆದದ್ದು.

ಎರಡನೆಯ ಹಂತ: ನೀರಿನ ಹರಿವು

ಇಲ್ಲಿ ಅವಸರ ಮಾಡಬಾರದು. ಮೊದಲು ನೀರಿನ ಮಟ್ಟ ನೋಡಿ. ಫಿಲ್ಟರ್ ಇರುವ ಬಾಯಿಯ ಅರ್ಧಕ್ಕಿಂತ ಕೆಳಗಿದ್ದರೆ ಪಂಪು ನೀರಿನ ಜೊತೆ ಗಾಳಿಯನ್ನೂ ಎಳೆದುಕೊಳ್ಳುತ್ತದೆ. ನಾಲ್ವರು ಒಟ್ಟಿಗೆ ಎದ್ದು ಹೋದಾಗ ನೀರು ಎಷ್ಟು ಇಳಿಯುತ್ತದೆ ಎಂಬುದನ್ನು ಗಮನಿಸಿ, ಖಾಲಿ ಟಬ್‌ನ ಮಟ್ಟವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಬಳಿಕ ಫಿಲ್ಟರ್. ಅದನ್ನು ಹೊರತೆಗೆದು, ಫಿಲ್ಟರ್ ಇಲ್ಲದೆಯೇ ಟಬ್ ಅನ್ನು ಹದಿನೈದು ನಿಮಿಷ ನಡೆಸಿ. ಆಗ ನಿಲ್ಲದೆ ನಡೆದರೆ ತಪ್ಪಿತಸ್ಥ ಸಿಕ್ಕಿಬಿದ್ದಂತೆ. ಈ ಪರೀಕ್ಷೆಯ ಹೊತ್ತಿಗೆ ನೀರಿನ ಮೇಲೆ ಒಂದು ಎಲೆಯೂ ತೇಲುತ್ತಿರಬಾರದು, ಕಾರಣವನ್ನು ಮುಂದೆ ಹೇಳುತ್ತೇನೆ. ನಮ್ಮಲ್ಲಿಗೆ ಬರುವ ಅತಿಥಿಗಳು ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ, ಮೈಗೆ ಹಚ್ಚಿದ ಸನ್‌ಸ್ಕ್ರೀನ್ ಎರಡೂ ಫಿಲ್ಟರಿನ ಮಡಿಕೆಗಳಲ್ಲಿ ಸೇರಿಕೊಳ್ಳುತ್ತವೆ, ಬರಿಯ ಪೈಪಿನ ನೀರಿಗೆ ಆ ಜಿಡ್ಡು ಹೋಗುವುದಿಲ್ಲ. ಫಿಲ್ಟರ್ ತೊಳೆಯುವ ದ್ರಾವಣದಲ್ಲಿ ಅದನ್ನು ರಾತ್ರಿಯಿಡೀ ನೆನೆಹಾಕಿ, ಬೆಳಗ್ಗೆ ಮಡಿಕೆ ಮಡಿಕೆ ಬಿಡಿಸಿ ತೊಳೆದು, ಪೂರ್ತಿ ಒಣಗಿಸಿ ಹಾಕಬೇಕು. ಎರಡು ಫಿಲ್ಟರ್ ಇಟ್ಟುಕೊಂಡು ಅದಲು ಬದಲು ಬಳಸುವುದು ಮಳೆಗಾಲದಲ್ಲಿ ಅನಿವಾರ್ಯವೇ ಸರಿ, ಜುಲೈ ತಿಂಗಳಲ್ಲಿ ಭಾಗಮಂಡಲದ ಕಡೆಯ ಮನೆಯೊಂದರಲ್ಲಿ ಯಾವ ವಸ್ತು ಒಂದೇ ದಿನದಲ್ಲಿ ಒಣಗಿದೆ? ಒಂದೆರಡು ವರ್ಷ ದುಡಿದ ಫಿಲ್ಟರ್ ನೋಡಲು ಸ್ವಚ್ಛವಾಗಿದ್ದರೂ ಅದರ ಬಟ್ಟೆಯ ಎಳೆಗಳು ಮುಚ್ಚಿಹೋಗಿರುತ್ತವೆ; ಅದನ್ನು ಬದಲಿಸಿ.

ಫಿಲ್ಟರ್ ತೆಗೆದರೂ ಟಬ್ ನಿಲ್ಲುತ್ತಿದ್ದರೆ ವಾಲ್ವ್‌ಗಳನ್ನು ನೋಡಿ. ಪಂಪಿನ ಎರಡೂ ಬದಿಯಲ್ಲಿರುವ ಗೇಟ್ ವಾಲ್ವ್‌ಗಳ ಹಿಡಿಕೆ ಪೂರ್ತಿ ಮೇಲಿರಬೇಕು. ಹಳೆಯದಾದಂತೆ ಈ ಹಿಡಿಕೆಗಳು ಸಡಿಲವಾಗಿ, ಪಂಪಿನ ಅದುರಿಗೆ ತಾವಾಗಿಯೇ ಅರ್ಧಕ್ಕೆ ಜಾರುವುದುಂಟು. ನೀರು ಬದಲಿಸಿದ ಮರುದಿನವೇ ತೊಂದರೆ ಶುರುವಾಗಿದ್ದರೆ ಕೊಳವೆಯಲ್ಲಿ ಗಾಳಿ ಸಿಕ್ಕಿಕೊಂಡಿರುವ ಸಾಧ್ಯತೆಯೇ ಹೆಚ್ಚು: ಕರೆಂಟು ಆಫ್ ಮಾಡಿ, ಪಂಪಿನ ಮೇಲ್ಭಾಗದ ಯೂನಿಯನ್ ಅನ್ನು, ಅಂದರೆ ಪೈಪನ್ನು ಪಂಪಿಗೆ ಜೋಡಿಸುವ ತಿರುಪು ಬಳೆಯನ್ನು, ಕಾಲು ಸುತ್ತು ಸಡಿಲಿಸಿದರೆ ಮೊದಲು ಬುಸ್ಸೆಂದು ಗಾಳಿ ಬರುತ್ತದೆ, ಆಮೇಲೆ ನೀರು ಜಿನುಗುತ್ತದೆ, ನೀರು ಬಂದ ತಕ್ಷಣ ಕೈಯಲ್ಲೇ ಬಿಗಿ ಮಾಡಿ. ಮುಂದಿನ ಸಲ ಟಬ್ ತುಂಬಿಸುವಾಗ ಪೈಪನ್ನು ಫಿಲ್ಟರ್ ಕೂರುವ ಗುಳಿಯೊಳಗೇ ಇಳಿಸಿದರೆ ಗಾಳಿ ಸಿಕ್ಕಿಕೊಳ್ಳುವ ಪ್ರಮೇಯ ಬಹುಮಟ್ಟಿಗೆ ತಪ್ಪುತ್ತದೆ.

ಕೊನೆಗೆ ಪಂಪು. ಅದು ಗುಂಯ್ ಎಂದು ನಡುಗುತ್ತಾ ತಿರುಗದೆ ನಿಂತಿದ್ದರೆ ಮೋಟರ್ ತಿರುಗಲು ನೆರವಾಗುವ ಕೆಪಾಸಿಟರ್ ಹೋಗಿರಬಹುದು. ಉಬ್ಬಿದ ಕೆಪಾಸಿಟರ್ ಕಣ್ಣಿಗೇ ಕಾಣುತ್ತದೆ, ಆದರೆ ಕರೆಂಟು ತೆಗೆದ ಮೇಲೂ ಅದರಲ್ಲಿ ವಿದ್ಯುತ್ ಉಳಿದಿರುವುದರಿಂದ ತಿಳಿದವರೇ ಬಿಚ್ಚಬೇಕು. ಕಿರ್ರೆನ್ನುವ ಸದ್ದು ಬೇರಿಂಗಿನದು. ಸದ್ದು ಸರಿಯಾಗಿಯೇ ಇದ್ದು ಜೆಟ್‌ಗಳಲ್ಲಿ ಮಾತ್ರ ಬಲವಿಲ್ಲದಿದ್ದರೆ ಇಂಪೆಲ್ಲರಿನಲ್ಲಿ, ಅಂದರೆ ಪಂಪಿನೊಳಗೆ ತಿರುಗಿ ನೀರನ್ನು ತಳ್ಳುವ ಚಕ್ರದಲ್ಲಿ, ಏನೋ ಸಿಕ್ಕಿಕೊಂಡಿದೆ. ನನ್ನ ಹೊಸ ಹೀಟರಿನ ಕತೆ ಮುಗಿದದ್ದು ಇಲ್ಲಿಯೇ. ವಾಲ್ವ್ ಮುಚ್ಚಿ ಪಂಪಿನ ಮುಂಭಾಗ ಬಿಚ್ಚಿದಾಗ, ಇಂಪೆಲ್ಲರಿನ ರೂಪಾಯಿ ನಾಣ್ಯದಗಲದ ಬಾಯಿಗೆ ಸಿಲ್ವರ್ ಓಕ್ ಮರದ ಎಲೆಯೊಂದು ಅಡ್ಡ ಬಿದ್ದಿತ್ತು. ಜರಿಗಿಡದ ಹಾಗೆ ಸೀಳುಸೀಳಾದ ಆ ಎಲೆಯ ಬೆರಳುಗಳಿಗೆ ಉದ್ದನೆಯ ತಲೆಗೂದಲು ಸುತ್ತಿ, ಅದರ ಮೇಲೆ ಜಿಡ್ಡು ಕೂತು, ಒಟ್ಟಿನಲ್ಲಿ ಕಪ್ಪನೆಯ ಒಂದು ಬಿರಡೆಯೇ ಆಗಿತ್ತು. ಫಿಲ್ಟರ್ ತೊಳೆಯಲು ತೆಗೆದಿದ್ದಾಗ ನಾನೇ ಪಂಪು ಓಡಿಸಿದ್ದೆ, ಎಲೆ ಒಳಗೆ ಹೋದದ್ದು ಆಗ. ಚಿಮುಟ ಹಾಕಿ ಎಳೆದು ತೆಗೆಯಲು ಐದು ನಿಮಿಷ ಹಿಡಿಯಿತು, ಖರ್ಚು ಸೊನ್ನೆ.

ಹಳೆಯ ಮಾದರಿಗಳಲ್ಲಿ ನೀರಿನ ಹರಿವನ್ನು ಗುರುತಿಸಲು ಪ್ರೆಶರ್ ಸ್ವಿಚ್ ಇರುತ್ತದೆ. ಪಂಪು ನಿಂತಾಗ ಅದರ ಸಂಪರ್ಕ ಬಿಡಬೇಕು, ಪಂಪು ಓಡಿದಾಗ ಕೂಡಬೇಕು. ವರ್ಷಗಳು ಕಳೆದಂತೆ ಅದು ಕೂಡಿದ ಸ್ಥಿತಿಯಲ್ಲೇ ಅಂಟಿಕೊಂಡರೆ ನೀರು ಹರಿಯದಿದ್ದರೂ ಹೀಟರ್ ಉರಿಯುತ್ತದೆ. ಕರೆಂಟು ತೆಗೆದು, ಅದರ ಎರಡೂ ವೈರು ಬಿಚ್ಚಿ ಮಲ್ಟಿಮೀಟರ್ ಹಿಡಿದಾಗ ಬೀಪ್ ಸದ್ದು ಬಂದರೆ ಸ್ವಿಚ್ ಬದಲಿಸಬೇಕು.

ಮೂರನೆಯ ಹಂತ: ವೋಲ್ಟೇಜ್

ಟಬ್ ಸಂಜೆಯ ಹೊತ್ತಿನಲ್ಲಿ ಮಾತ್ರ ನಿಲ್ಲುತ್ತಿದ್ದರೆ ಪ್ಲಗ್ಗಿನ ಹತ್ತಿರ ಒಂದು ವೋಲ್ಟ್‌ಮೀಟರ್ ಇಟ್ಟು ಮೂರು ದಿನ ಬರೆದುಕೊಳ್ಳಿ. ಲೈನಿನ ಕೊನೆಯಲ್ಲಿರುವ ತೋಟದ ಮನೆಗಳಲ್ಲಿ, ಎಲ್ಲರೂ ಗೀಸರ್ ಹಾಕುವ ಹೊತ್ತಿಗೆ ವೋಲ್ಟೇಜ್ 180ಕ್ಕೆ ಇಳಿದರೆ, 230 ವೋಲ್ಟಿನ ಹೀಟರ್ ತನ್ನ ಶಕ್ತಿಯ ಶೇಕಡಾ 61ರಷ್ಟನ್ನು ಮಾತ್ರ ಕೊಡುತ್ತದೆ; ಹೀಗಾಗಿ ಅತಿ ಬಿಸಿಗೆ ಅದು ಕಾರಣವಲ್ಲ. ಪಂಪಿನ ಮೋಟರ್ ಹಾಗಲ್ಲ, ಕಡಿಮೆ ವೋಲ್ಟೇಜಿನಲ್ಲಿ ಅದು ಹೆಚ್ಚು ಕರೆಂಟು ಎಳೆದು, ಸುರುಳಿ ಕಾದು, ತನ್ನೊಳಗಿನ ಥರ್ಮಲ್ ಕಟೌಟ್ ಬಿದ್ದು ನಿಲ್ಲುತ್ತದೆ. ಪಂಪು ನಿಂತ ಕೂಡಲೇ ಕೊಳವೆಯ ನೀರೂ ನಿಲ್ಲುತ್ತದೆ, ಮುಂದಿನದು ನಿಮಗೆ ಗೊತ್ತೇ ಇದೆ. ಮೋಟರ್ ತಣಿದು ಮತ್ತೆ ತಾನಾಗಿ ಓಡುವುದರಿಂದ ಬೆಳಗ್ಗೆ ಬಂದ ಮೆಕ್ಯಾನಿಕ್‌ಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಇದಕ್ಕೆ ವಿರುದ್ಧವಾಗಿ ನಡುರಾತ್ರಿ ವೋಲ್ಟೇಜ್ 260ಕ್ಕೆ ಏರಿದರೆ ಹೀಟರ್ ಶೇಕಡಾ 28ರಷ್ಟು ಹೆಚ್ಚು ಕಾಯಿಸುತ್ತದೆ. ಟಬ್‌ನ ಪೂರ್ತಿ ಹೊರೆಯನ್ನು ತಾಳುವ ಸ್ಟೆಬಿಲೈಜರ್ ಎರಡಕ್ಕೂ ಪರಿಹಾರ. ಅದು ದುಬಾರಿ ಎನ್ನಿಸಿದರೆ ಸಂಜೆ ಗೀಸರಿನ ಹೊತ್ತು ಶುರುವಾಗುವ ಮೊದಲೇ ನೀರು ಕಾಯಿಸಿಟ್ಟು, ಸಂಜೆ ಮುಚ್ಚಳ ಹಾಕಿ ಬಿಸಿ ಉಳಿಸಿಕೊಳ್ಳುವುದು ಪುಕ್ಕಟೆಯ ದಾರಿ. 20 ಡಿಗ್ರಿಯಿಂದ 38ಕ್ಕೆ ತರಲು 3 ಕಿಲೋವ್ಯಾಟ್ ಹೀಟರಿಗೆ ಎಂಟು ಗಂಟೆಗೂ ಮಿಕ್ಕಿ ಬೇಕೆಂಬ ಲೆಕ್ಕ ನೆನಪಿರಲಿ.

ನಾಲ್ಕನೆಯ ಹಂತ: ಸೆನ್ಸರ್

ನೀರಿನ ಉಷ್ಣತೆಯನ್ನು ಬೋರ್ಡ್‌ಗೆ ತಿಳಿಸುವುದು ಥರ್ಮಿಸ್ಟರ್ ಎಂಬ ಪುಟ್ಟ ಸೆನ್ಸರ್. ಬಿಸಿ ಏರಿದಂತೆ ಅದರ ರೋಧ ಇಳಿಯುತ್ತದೆ: ಸಾಮಾನ್ಯವಾಗಿ ಬಳಸುವ ಒಂದು ಬಗೆ 25 ಡಿಗ್ರಿಯಲ್ಲಿ 10 ಕಿಲೋ ಓಮ್, 40 ಡಿಗ್ರಿಯಲ್ಲಿ ಸುಮಾರು 5.3 ಕಿಲೋ ಓಮ್ ತೋರಿಸುತ್ತದೆ. ಬೇರೆ ರೋಧದ ಸೆನ್ಸರ್‌ಗಳೂ ಇರುವುದರಿಂದ, ಒಂದೇ ಅಂಕಿಗೆ ಅಂಟಿಕೊಳ್ಳುವ ಬದಲು ನೀರಿನದು ಮತ್ತು ಹೈ ಲಿಮಿಟ್ ಕಾವಲಿನದು, ಈ ಎರಡು ಸೆನ್ಸರ್‌ಗಳನ್ನು ಪರಸ್ಪರ ಹೋಲಿಸುವುದು ಜಾಣತನ. ಟಬ್ ಅನ್ನು ನಾಲ್ಕೈದು ಗಂಟೆ ಆಫ್ ಮಾಡಿಟ್ಟು, ಬೋರ್ಡ್‌ನಿಂದ ಎರಡನ್ನೂ ಕಿತ್ತು, ಎರಡರ ತುದಿಯನ್ನೂ ಒಂದೇ ಲೋಟ ಉಗುರುಬೆಚ್ಚಗಿನ ನೀರಿನಲ್ಲಿ ಮುಳುಗಿಸಿ ಅಳೆಯಿರಿ. ಒಂದೇ ಬಗೆಯ ಎರಡರ ನಡುವೆ ಗಣನೀಯ ಅಂತರವಿದ್ದರೆ, ಅಥವಾ ವೈರನ್ನು ಅಲ್ಲಾಡಿಸಿದಾಗ ಅಂಕಿ ಕುಣಿದರೆ, ಅದನ್ನು ಬದಲಿಸಿ. ಹೊಸದು ಕೊಳ್ಳುವ ಮುನ್ನ ಬೋರ್ಡ್‌ಗೆ ಸೇರುವ ಪ್ಲಗ್ಗನ್ನು ಮಾತ್ರ ಒಮ್ಮೆ ನೋಡಿ; ನಮ್ಮ ಮಳೆಗಾಲದ ತೇವಕ್ಕೆ ಆ ಪಿನ್ನುಗಳ ಮೇಲೆ ಹಸಿರು ಕಿಲುಬು ಕಟ್ಟುತ್ತದೆ, ಕೆಲವೊಮ್ಮೆ ಇರುವೆಗಳು ಅಲ್ಲೇ ಸಂಸಾರ ಹೂಡಿರುತ್ತವೆ.

ಐದನೆಯ ಹಂತ: ಅಂಟಿಕೊಂಡ ರಿಲೇ

ಇದು ಎಲೆಕ್ಟ್ರಿಶಿಯನ್ ಕೈಯಲ್ಲೇ ಆಗಬೇಕಾದ ಕೆಲಸ. ಟಬ್‌ನ ಉಷ್ಣತೆಯನ್ನು ನೀರಿಗಿಂತ ಹತ್ತು ಡಿಗ್ರಿ ಕೆಳಗೆ ಹೊಂದಿಸಿ, ಐದು ನಿಮಿಷ ಕಾದು, ಹೀಟರಿಗೆ ಹೋಗುವ ಒಂದು ವೈರಿನ ಸುತ್ತ, ವೈರು ಬಿಚ್ಚದೆಯೇ ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರ್ ಹಾಕಿದರೆ ಸೊನ್ನೆ ತೋರಿಸಬೇಕು. ಪರದೆಯಲ್ಲಿ ಹೀಟರಿನ ಗುರುತು ಆರಿದ್ದರೂ ಮೀಟರ್ 13 ಆಂಪಿಯರ್ ತೋರಿಸುತ್ತಿದ್ದರೆ, ಅಂದರೆ 3 ಕಿಲೋವ್ಯಾಟಿನ ಪೂರ್ತಿ ಕರೆಂಟು ಹರಿಯುತ್ತಿದ್ದರೆ, ಬೋರ್ಡ್ ಮೇಲಿನ ರಿಲೇಯ ಸಂಪರ್ಕಗಳು ಕರಗಿ ಒಂದಕ್ಕೊಂದು ಬೆಸೆದುಕೊಂಡಿವೆ. ಅಂಥ ಟಬ್ ಅನ್ನು ಆ ಕ್ಷಣವೇ ಮೇನ್‌ನಲ್ಲಿ ಆಫ್ ಮಾಡಿ, ರಿಲೇ ಬದಲಾಗುವವರೆಗೆ ಯಾರ ಬಲವಂತಕ್ಕೂ ಆನ್ ಮಾಡಬೇಡಿ.

ಮಾರ್ಚ್, ಏಪ್ರಿಲ್‌ನ ಪ್ರತ್ಯೇಕ ತೊಂದರೆ

ಹೂಮಳೆಗೆ ಕಾಯುವ ದಿನಗಳಲ್ಲಿ, ಹೀಟರ್ ಒಮ್ಮೆಯೂ ಆನ್ ಆಗದಿದ್ದರೂ ನೀರು 41, 42 ಮುಟ್ಟಿ ಟಬ್ ನಿಲ್ಲುವುದುಂಟು. ಆ ಬಿಸಿ ಬರುವುದು ಪಂಪಿನಿಂದಲೇ. ಮೋಟರಿನ ಶಾಖ ಮತ್ತು ನೀರಿನ ಉಜ್ಜಾಟ ಸೇರಿ ಅರ್ಧ ಕಿಲೋವ್ಯಾಟಿನಷ್ಟು ಬಿಸಿ ನೀರಿಗೆ ಸೇರಿದರೂ, ಬಿಗಿಯಾಗಿ ಮುಚ್ಚಿದ 1,200 ಲೀಟರ್ ಟಬ್ ಹನ್ನೆರಡು ಗಂಟೆಯಲ್ಲಿ ನಾಲ್ಕು ಡಿಗ್ರಿ ಏರಬಲ್ಲದು. ಹಳೆಯ ಟಬ್‌ಗಳಲ್ಲಿ ಫಿಲ್ಟರ್ ಓಡುವ ಅವಧಿಯನ್ನು ಯಾರೋ ಯಾವಾಗಲೋ ದಿನಕ್ಕೆ ಹನ್ನೆರಡು ಗಂಟೆ ಎಂದು ಹೊಂದಿಸಿ ಮರೆತಿರುತ್ತಾರೆ. ಬೇಸಿಗೆಯಲ್ಲಿ ಅದನ್ನು ಬೆಳಗಿನ ಜಾವ ಎರಡು ತಾಸು, ರಾತ್ರಿ ಎರಡು ತಾಸಿಗೆ ಇಳಿಸಿ, ನೀರು ಸ್ವಚ್ಛವಾಗಿ ಉಳಿಯುತ್ತದೆಯೇ ಎಂದು ನೋಡಿಕೊಂಡು ಬೇಕಿದ್ದರೆ ಹೆಚ್ಚಿಸಿ. ಪೆಟ್ಟಿಗೆಯ ಗಾಳಿಕಿಂಡಿಗಳನ್ನೂ ಪರೀಕ್ಷಿಸಿ. ಒಂದು ಮಳೆಗಾಲದಲ್ಲಿ ಎರಚಲು ಬಡಿಯದಿರಲೆಂದು ನಮ್ಮ ಟಬ್‌ನ ಕಿಂಡಿಗಳಿಗೆ ಕಾಫಿ ಕಣದಲ್ಲಿ ಹೊದಿಸುವ ಪ್ಲಾಸ್ಟಿಕ್ ಹಾಳೆಯನ್ನು ತುರುಕಿದ್ದೆ. ಕೊಯ್ಲು ಮುಗಿದು ಕಣದ ಹಾಳೆಗಳನ್ನೆಲ್ಲ ಮಡಚಿ ಅಟ್ಟಕ್ಕೆ ಹಾಕಿದ ಮೇಲೂ ಟಬ್‌ನಲ್ಲಿದ್ದ ಆ ತುಂಡು ಮಾರ್ಚ್‌ವರೆಗೆ ಅಲ್ಲೇ ಉಳಿದಿತ್ತು. ಇಲಿ ಬಾರದಂತೆ ಕಿಂಡಿ ಮುಚ್ಚಬೇಕೆಂದಿದ್ದರೆ ಸಣ್ಣ ಕಣ್ಣಿನ ತಂತಿಬಲೆ ಹಾಕಿ.

ನೀರಿನ ಗುಣ

ನೀರಿನ ದೋಷದಿಂದ ಟಬ್ ಒಂದೇ ದಿನದಲ್ಲಿ ನಿಲ್ಲುವುದಿಲ್ಲ, ಆದರೆ ಮೇಲೆ ಹೇಳಿದ ಕಾಯಿಲೆಗಳಲ್ಲಿ ಹಲವು ಅಲ್ಲಿಂದಲೇ ಹುಟ್ಟುತ್ತವೆ. ಗಡಸು ನೀರು ಹೀಟರ್ ಸುರುಳಿಯ ಮೇಲೆ ಬಿಳಿಯ ಪೊರೆ ಕಟ್ಟಿಸುತ್ತದೆ. ಪೊರೆ ದಪ್ಪವಾದಂತೆ ಸುರುಳಿಯ ಬಿಸಿ ನೀರಿಗೆ ಇಳಿಯದೆ ಒಳಗೇ ಉಳಿದು, ಕೊಳವೆಯ ದಾರಿಯೂ ಕಿರಿದಾಗುತ್ತದೆ. ಮಳೆ ಹೆಚ್ಚಿರುವ ಕಡೆಯ ಮೆದು, ಹುಳಿ ಗುಣದ ನೀರು ಇದಕ್ಕೆ ತದ್ವಿರುದ್ಧವಾಗಿ ಲೋಹವನ್ನೇ ತಿನ್ನುತ್ತದೆ, ಬೋರ್‌ವೆಲ್ ನೀರಿನ ಕಬ್ಬಿಣದಂಶ ಫಿಲ್ಟರನ್ನು ಕೆಂಪಾಗಿಸಿ ಬೇಗ ಮುಚ್ಚಿಸುತ್ತದೆ. ಪರೀಕ್ಷಾ ಪಟ್ಟಿಯಲ್ಲಿ ಪಿಎಚ್ 7.2ರಿಂದ 7.8, ಕ್ಷಾರೀಯತೆ 80ರಿಂದ 120 ಪಿಪಿಎಂ, ಕ್ಯಾಲ್ಸಿಯಂ ಗಡಸುತನ 150ರಿಂದ 250 ಪಿಪಿಎಂ ಬರುವಂತೆ ನೋಡಿಕೊಳ್ಳಿ. ನೀರನ್ನು ಎಷ್ಟು ದಿನಕ್ಕೊಮ್ಮೆ ಬದಲಿಸಬೇಕೆಂದು ತಿಳಿಯಲು ಟಬ್‌ನ ಲೀಟರ್ ಅನ್ನು 11.4ರಿಂದ ಭಾಗಿಸಿ, ಬಂದದ್ದನ್ನು ದಿನಕ್ಕೆ ಇಳಿಯುವವರ ಸಂಖ್ಯೆಯಿಂದ ಭಾಗಿಸಿ. 1,200 ಲೀಟರಿನ ಟಬ್‌ಗೆ ದಿನಕ್ಕೆ ನಾಲ್ವರು ಇಳಿದರೆ 26 ದಿನ. ಕ್ಲೋರಿನ್ ಇರುವ ಹಳೆಯ ನೀರನ್ನು ತೋಡಿಗಾಗಲಿ ಕಾಫಿ ಗಿಡದ ಬುಡಕ್ಕಾಗಲಿ ಬಿಡಬಾರದು. ಮುಚ್ಚಳ ತೆರೆದಿಟ್ಟು, ಪರೀಕ್ಷಾ ಪಟ್ಟಿಯಲ್ಲಿ ಕ್ಲೋರಿನ್ ಸೊನ್ನೆಗೆ ಬಂದ ಮೇಲೆ ಹೊರಬಿಡಿ.

ಅತಿಥಿಗಳಿಗೆ ಬಿಟ್ಟುಕೊಡುವ ಮುನ್ನ

ದೋಷ ಸಿಕ್ಕಿತು, ಸರಿಯೂ ಆಯಿತು ಎಂದುಕೊಂಡ ಮೇಲೆ ಟಬ್ ಅನ್ನು ಯಾರೂ ಇಳಿಯದಂತೆ ಒಂದು ಹಗಲು, ಒಂದು ರಾತ್ರಿ ನಡೆಸಿ. ಮೊದಲ ಆರು ಗಂಟೆ ಗಂಟೆಗೊಮ್ಮೆ, ಬಳಿಕ ಮಲಗುವ ಮುನ್ನ ಮತ್ತು ಎದ್ದ ಕೂಡಲೇ, ಮೂರು ಅಂಕಿಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ: ಪರದೆಯ ಉಷ್ಣತೆ, ಥರ್ಮಾಮೀಟರಿನ ಉಷ್ಣತೆ, ವೋಲ್ಟೇಜ್. ಮೊದಲ ಎರಡರ ನಡುವೆ ಒಂದು ಡಿಗ್ರಿಗಿಂತ ಹೆಚ್ಚು ಅಂತರ ಬಾರದೆ, ಟಬ್ ಒಮ್ಮೆಯೂ ನಿಲ್ಲದೆ, ನೀರು ಹೊಂದಿಸಿದ ಉಷ್ಣತೆಯನ್ನು ಒಂದು ಡಿಗ್ರಿಗಿಂತ ಹೆಚ್ಚು ಮೀರದೆ ಉಳಿದರೆ ಬಳಕೆಗೆ ಬಿಡಬಹುದು. ಇಷ್ಟೆಲ್ಲ ಮಾಡಿದ ಮೇಲೂ ಕಾರಣ ಸಿಗದೆ ನಿಲ್ಲುತ್ತಿದ್ದರೆ ಉಳಿಯುವುದು ಕಂಟ್ರೋಲ್ ಬೋರ್ಡ್ ಒಂದೇ. ಟಬ್‌ನ ತೊಟ್ಟಿ ಬಿರುಕಿಲ್ಲದೆ, ಕೊಳವೆಗಳು ಸೋರದೆ ಇದ್ದರೆ ಬೋರ್ಡ್ ಹಾಕಿಸುವುದು ಲಾಭದಾಯಕ. ತೊಟ್ಟಿಯೂ ಸೋರುತ್ತಿದ್ದು, ಪಂಪೂ ಹಳೆಯದಾಗಿದ್ದರೆ ಆ ಹಣವನ್ನು ಹೊಸ ಟಬ್‌ಗೆ ಕೂಡಿಡಿ. ಮೆಕ್ಯಾನಿಕ್‌ಗೆ ಫೋನ್ ಮಾಡುವಾಗ ಆ ನೋಟ್‌ಬುಕ್ ಕೈಯಲ್ಲಿರಲಿ: ಯಾವ ಸಂಕೇತ, ಎಷ್ಟು ಹೊತ್ತಿಗೆ, ನೀರು ಎಷ್ಟು ಬಿಸಿ, ವೋಲ್ಟೇಜ್ ಎಷ್ಟು ಎಂದು ಓದಿ ಹೇಳಿದರೆ, ಆತ ಮೈಸೂರಿನಿಂದ ಹೊರಡುವಾಗಲೇ ಬೇಕಾದ ಭಾಗವನ್ನು ಜೀಪಿಗೆ ಹಾಕಿಕೊಂಡು ಬರುತ್ತಾನೆ.